ಹಾಜರಿ ಪುಸ್ತಕದಲ್ಲಿದ್ದ ಹುಡುಗಿ

ನನ್ನ ಸಿಟ್ಟಿನ ಬಗ್ಗೆ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳನ್ನು ಕೇಳಬೇಕು. ಹೆಂಗಸರ ಸೀಟಿನಲ್ಲಿ ಕಾಲು ಚಾಚಿ ಕೂತ ಗಂಡಸರನ್ನಾಗಲಿ, ಮಕ್ಕಳ ಬಿಸಿಯೂಟದ ಬೇಳೆಗೆ ನೀರು ಸುರಿದವರನ್ನಾಗಲಿ ನಾನು ಬಿಟ್ಟವಳಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎಂದು ಕರೆಯುತ್ತಾರೆ. ನನ್ನ ಶಾಲೆಯ ಮಕ್ಕಳು ಬೆನ್ನ ಹಿಂದೆ ನನಗೆ ‘ಬೆಂಕಿ ಅಕ್ಕೋರು’ ಅನ್ನುತ್ತಿದ್ದರು. ಅದನ್ನು ಕೇಳಿಯೂ ಕೇಳದವಳ ಹಾಗೆ ಇರುತ್ತಿದ್ದೆ, ಒಳಗೊಳಗೆ ಹಿಗ್ಗುತ್ತಿದ್ದೆ. ಅಂಥ ನಾನು, ಬಾಯಿ ಬಿಡಲೇಬೇಕಾಗಿದ್ದ ಒಂದು ಗಳಿಗೆಯಲ್ಲಿ ಗೋಡೆಗೆ ಆತು ಸುಮ್ಮನೆ ನಿಂತೆ. ಈಗ ನಿವೃತ್ತಿಯಾಗಿ ಹಾವೇರಿಯ ಮನೆಯಲ್ಲಿ ಕೂತಿದ್ದೇನೆ. ಆ ಗಳಿಗೆಯೊಂದನ್ನು ಬರೆದು ಮುಗಿಸಬೇಕು ಅನ್ನಿಸಿದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಗಂಡನ ಮನೆ ಹಾವೇರಿ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ರಾಣೆಬೆನ್ನೂರಿಗೆ ಬಂದು, ಅಲ್ಲಿಂದ ಮೇಡ್ಲೇರಿ ಕಡೆಯ ಬಸ್ಸು ಹತ್ತಿ, ಹೊಳೆಯ ದಂಡೆಯ ಒಂದು ಸಣ್ಣ ಊರಿನಲ್ಲಿ ಇಳಿಯುತ್ತಿದ್ದೆ. ಏಳನೆಯ ಇಯತ್ತೆಯವರೆಗೆ ಇದ್ದ ಸರಕಾರಿ ಶಾಲೆ. ಆ ಊರು ನನಗೆ ಹೊಸದಲ್ಲ, ನನ್ನ ತವರೇ ಅದು. ತುಂಗಭದ್ರೆಯ ನೀರು ಹರಿಯುವ ಹೊಲಗಳು ನನ್ನ ಅಣ್ಣನವು. ತವರೂರಿಗೆ ವರ್ಗ ಸಿಕ್ಕಿತೆಂದು ಎಲ್ಲರೂ ನನ್ನನ್ನು ಪುಣ್ಯವಂತೆ ಅಂದರು. ನಾನೂ ಹಾಗೇ ತಿಳಿದಿದ್ದೆ.

ಅಣ್ಣನ ಹೊಲದಲ್ಲಿ ಹತ್ತಿ ಬೆಳೆಯುತ್ತಿದ್ದದ್ದು ಹತ್ತಿಗಾಗಿ ಅಲ್ಲ, ಬೀಜಕ್ಕಾಗಿ. ಹೈಬ್ರಿಡ್ ಬೀಜ ತಾನಾಗಿ ಆಗುವುದಿಲ್ಲ. ಮಧ್ಯಾಹ್ನದ ಮೇಲೆ ಒಂದು ಸಾಲಿನ ಮೊಗ್ಗುಗಳನ್ನು ಹೆಬ್ಬೆರಳಿನ ಉಗುರಿನಿಂದ ಸುಲಿದು, ಒಳಗಿನ ಪುಡಿಯನ್ನೆಲ್ಲ ತೆಗೆದು, ನಡುವಿನ ಕಡ್ಡಿಯೊಂದನ್ನು ಮಾತ್ರ ಉಳಿಸಬೇಕು. ಗುರುತಿಗೆ ಅದರ ಮೇಲೆ ಕೆಂಪು ಕಾಗದ ಸಿಕ್ಕಿಸಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ಜಾತಿಯ ಹೂ ತಂದು ಆ ಕಡ್ಡಿಗೆ ಒರೆಸಬೇಕು. ನಮ್ಮಲ್ಲಿ ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಮೂರು ತಿಂಗಳು ಒಂದು ದಿನವೂ ಬಿಡುವಂತಿಲ್ಲ, ಹಬ್ಬವಿಲ್ಲ, ಭಾನುವಾರವಿಲ್ಲ. ಗಿಡ ಎದೆಯೆತ್ತರ, ಅಂದರೆ ದೊಡ್ಡವರ ಎದೆಯಲ್ಲ, ಹನ್ನೊಂದು ಹನ್ನೆರಡು ವರ್ಷದ ಹುಡುಗಿಯ ಎದೆ. ದೊಡ್ಡ ಬೆರಳುಗಳಿಗೆ ಆ ಕಡ್ಡಿ ಮುರಿಯುತ್ತದೆ. ಹಾಗಾಗಿ ಆಗಸ್ಟು ಬಂದರೆ ನನ್ನ ಶಾಲೆಯ ಹೆಣ್ಣುಮಕ್ಕಳ ಸಾಲು ಖಾಲಿಯಾಗುತ್ತಿತ್ತು. ಹುಡುಗರು ಕೂತಿರುತ್ತಿದ್ದರು, ಹುಡುಗಿಯರು ಹೊಲದಲ್ಲಿರುತ್ತಿದ್ದರು.

ಖಾಲಿ ಸಾಲಿಗೆ ನಾವು ಶಿಕ್ಷಕರು ಒಂದು ಉಪಾಯ ಮಾಡಿದ್ದೆವು. ಬಾರದ ಹುಡುಗಿಯರ ಹೆಸರಿನ ಮುಂದೆಯೂ ಹಾಜರಿ ಹಾಕುವುದು. ಬಹಳ ದಿನ ಗೈರು ಬಿದ್ದರೆ ಹೆಸರು ತೆಗೆದುಹಾಕಬೇಕಾಗುತ್ತದೆ, ಒಮ್ಮೆ ಹೆಸರು ಹೋದ ಹುಡುಗಿ ತಿರುಗಿ ಬರುವುದಿಲ್ಲ, ಮುಂದಿನ ವರ್ಷ ಆಕೆಯ ಮದುವೆಯ ಮಾತೇ ಕಿವಿಗೆ ಬೀಳುವುದು. ಇದನ್ನು ಕಣ್ಣಾರೆ ಕಂಡಿದ್ದೆ. ಅದಕ್ಕಾಗಿ ದಿನಾ ಬೆಳಿಗ್ಗೆ ಹೆಸರು ಕೂಗಿ, ಉತ್ತರ ಬಾರದ ಕಡೆಯೂ ಗೀಟು ಎಳೆಯುತ್ತಿದ್ದೆ. ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂದರೆ ಹೊಲದಿಂದ ಹುಡುಗಿಯರನ್ನು ಅರ್ಧ ದಿನ ಕರೆಸಿ, ಕೈಕಾಲು ತೊಳೆಸಿ ಕೂರಿಸುತ್ತಿದ್ದೆವು. ‘ದಿನಾ ಸಾಲಿಗೆ ಬರ್ತೀರೇನು?’ ಎಂದು ಕೇಳಿದರೆ ‘ಹೌದ್ರೀ, ದಿನಾ ಬರ್ತೀವ್ರೀ’ ಅನ್ನಬೇಕು ಎಂದು ನಾನೇ ಬಾಯಿಪಾಠ ಮಾಡಿಸಿದ್ದೆ. ಇದು ಸುಳ್ಳು ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಕರುಣೆ ಅನ್ನಿಸಿತ್ತು. ಈಗ ನೆನೆದರೆ ಕೈ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಆ ವರ್ಷ ಶಾಲೆಯ ಗ್ರಂಥಾಲಯಕ್ಕೆಂದು ಯಾರೋ ದಾನ ಕೊಟ್ಟ ಹಳೆಯ ಪುಸ್ತಕಗಳ ಗಂಟು ಬಂತು. ಹೆಡ್‌ಮಾಸ್ತರರು ಬಿಚ್ಚಿ ನೋಡಿ, ‘ಎಲ್ಲಾ ಇಂಗ್ಲಿಷ್ ಅವ, ನಮಗೇನ್ ಉಪಯೋಗ, ರದ್ದಿಗೆ ಹಾಕ್ರಿ’ ಅಂದರು. ಅವರು ಹಾಕಿ ಅಂದದ್ದಕ್ಕೇ ನಾನು ಒಂದನ್ನು ಎತ್ತಿಕೊಂಡೆ. ತೆಳ್ಳಗಿನ ಪುಸ್ತಕ, ನೂರೈವತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿದ್ದ ಒಬ್ಬ ಶಾಲಾ ಶಿಕ್ಷಕಿಯ ಜೀವನ. ಬಸ್ಸಿನಲ್ಲಿ ಡಿಕ್ಷನರಿ ಇಟ್ಟುಕೊಂಡು ಓದಿದೆ.

ಆಕೆ ಕ್ವೇಕರ್ ಪಂಥದವಳು. ಅವರಲ್ಲಿ ಪೂಜಾರಿ ಇಲ್ಲ, ಮಂತ್ರವಿಲ್ಲ. ಪ್ರಾರ್ಥನೆಯ ದಿನ ಎಲ್ಲರೂ ಒಂದು ಕೋಣೆಯಲ್ಲಿ ಸುಮ್ಮನೆ ಕೂರುತ್ತಾರೆ, ಯಾರಿಗೆ ಒಳಗಿನಿಂದ ಮಾತು ಬರುತ್ತದೋ ಅವರು ಎದ್ದು ಹೇಳುತ್ತಾರೆ. ಕೋರ್ಟಿನಲ್ಲಿ ಆಣೆ ಮಾಡುವುದಿಲ್ಲ. ಆಣೆ ಮಾಡಿ ನಿಜ ಹೇಳುತ್ತೇನೆ ಅಂದರೆ ಉಳಿದ ಹೊತ್ತು ಸುಳ್ಳು ಹೇಳುತ್ತೇನೆ ಅಂದಂತಾಯಿತು ಎಂಬುದು ಅವರ ವಾದ. ನ್ಯಾಯಾಧೀಶನಿಗೂ ಕಸ ಗುಡಿಸುವವನಿಗೂ ಒಂದೇ ‘ನೀನು’. ಅವಳ ಕಾಲದಲ್ಲಿ ಅಲ್ಲಿ ಕರಿಯ ಜನರನ್ನು ಎತ್ತಿನ ಹಾಗೆ ಮಾರುತ್ತಿದ್ದರು. ಹತ್ತಿ ಬಿಡಿಸುವುದು, ಕಬ್ಬು ಕಡಿಯುವುದು ಅವರ ಪಾಲಿನ ಕೆಲಸ. ಅವರಿಗೆ ಅಕ್ಷರ ಕಲಿಸುವುದು ಕೆಲವು ಕಡೆ ಅಪರಾಧ. ಈಕೆ ತನ್ನ ಶಾಲೆಯಲ್ಲಿ ಒಬ್ಬ ಕರಿಯ ಹುಡುಗಿಯನ್ನು ಸೇರಿಸಿಕೊಂಡಳು. ಬಿಳಿಯ ಮಕ್ಕಳ ತಂದೆ ತಾಯಿ ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಶಾಲೆ ಖಾಲಿಯಾಯಿತು. ಆಕೆ ದನದ ಕೊಟ್ಟಿಗೆಯೊಂದನ್ನು ಗುಡಿಸಿ ಸಾರಿಸಿ ಅಲ್ಲಿ ಕರಿಯ ಮಕ್ಕಳಿಗೇ ಶಾಲೆ ತೆರೆದಳು.

ಶನಿವಾರ ಬೆಳಗಿನ ಶಾಲೆಯಲ್ಲಿ ಕೊನೆಯ ತಾಸು ಈ ಕಥೆ ಹೇಳುತ್ತಿದ್ದೆ. ಜೂನಿನಲ್ಲಿ ಶುರು ಮಾಡಿದ್ದೆ, ಹುಡುಗಿಯರಿನ್ನೂ ಶಾಲೆಯಲ್ಲಿದ್ದರು. ಮಕ್ಕಳಿಗೆ ಭಾರಿ ಖುಷಿ. ನ್ಯಾಯಾಧೀಶನಿಗೆ ನೀನು ಅಂದಳು ಅಂದಾಗ ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ‘ಅಯ್ಯ ಶಿವನ, ಸಾಹೇಬ್ರಿಗೆ ನೀ ಅಂದ್ಲೇನ್ರೀ? ಬಡೀಲಿಲ್ಲೇನ್ರೀ ಅಕೀನ್ನ?’

ಕೇಳಿದವಳು ನಾನು ಹೇಳಹೊರಟಿರುವ ಆ ಹುಡುಗಿ. ಏಳನೆಯ ಇಯತ್ತೆ, ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು, ಎಲ್ಲದಕ್ಕೂ ಪ್ರಶ್ನೆ. ತಂದೆ ಇಲ್ಲ. ತಾಯಿ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗಿ ಅಲ್ಲೇ ಇರುತ್ತಿದ್ದಳು, ಹುಡುಗಿ ಊರಲ್ಲಿ ಸೋದರತ್ತೆಯ ಮನೆಯಲ್ಲಿ. ಆಕೆ ಕ್ವೇಕರ್ ಶಿಕ್ಷಕಿಯ ಬಗ್ಗೆ ನನಗಿಂತ ಹೆಚ್ಚು ತಲೆ ಕೆಡಿಸಿಕೊಂಡಿದ್ದಳು. ಒಂದು ಶನಿವಾರ, ಆ ಶಿಕ್ಷಕಿ ಗುಲಾಮರು ಬಿಡಿಸಿದ ಹತ್ತಿಯ ಬಟ್ಟೆ ಉಡುತ್ತಿರಲಿಲ್ಲ, ಅವರು ಬೆಳೆದ ಕಬ್ಬಿನ ಸಕ್ಕರೆ ತಿನ್ನುತ್ತಿರಲಿಲ್ಲ, ಬೇಸಿಗೆಯಲ್ಲೂ ಉಣ್ಣೆಯ ಬಟ್ಟೆ ಹಾಕಿಕೊಂಡು ಬೆವರುತ್ತಿದ್ದಳು ಎಂದು ಹೇಳಿದೆ. ಹುಡುಗಿ ಕೈ ಎತ್ತಿದಳು.

‘ಅಕ್ಕೋರ, ನೀವ್ ಉಟ್ಟ ಸೀರಿ ಹತ್ತೀದೇನ್ರೀ?’

‘ಹೂಂ, ಹತ್ತೀದು.’

‘ಅದರ ಬೀಜ ಯಾರ ಕ್ರಾಸ್ ಮಾಡ್ಯಾರ್ರೀ?’

ಸಿಟ್ಟು ನೆತ್ತಿಗೇರಿತು. ‘ಹೆಚ್ಚಿಗಿ ಮಾತು ಬ್ಯಾಡ, ಕುಂದ್ರು’ ಅಂದೆ. ಕೂತಳು. ಅಧಿಕಪ್ರಸಂಗ ಎಂದು ನಾನು ಸಿಟ್ಟಾದೆನೆಂದು ಮಕ್ಕಳು ತಿಳಿದರು. ಖರೇ ಹೇಳಬೇಕೆಂದರೆ ಹೋದ ವರ್ಷ ಆ ಹುಡುಗಿ ಕ್ರಾಸಿಂಗ್ ಮಾಡಿದ್ದು ನನ್ನ ಅಣ್ಣನ ಹೊಲದಲ್ಲೇ, ಅದು ನನಗೆ ಗೊತ್ತಿತ್ತು.

ಆಗಸ್ಟಿನಲ್ಲಿ ಮತ್ತೆ ಹೋದಳು. ಆಕೆಯ ತಾಯಿಗೆ ಅಣ್ಣ ಬೇಸಿಗೆಯಲ್ಲೇ ಮುಂಗಡ ಕೊಟ್ಟು ಮೂರು ತಿಂಗಳಿಗೆ ಹುಡುಗಿಯನ್ನು ಗೊತ್ತು ಮಾಡಿಕೊಂಡಿದ್ದ. ಹೊಲದ ಶೆಡ್ಡಿನಲ್ಲೇ ಏಳು ಹುಡುಗಿಯರ ಊಟ, ನಿದ್ದೆ. ನಾನು ಅಣ್ಣನ ಮೇಲೆ ಹಾರಾಡಿದೆ. ಆತ ನಗುತ್ತಲೇ ಕೇಳಿದ. ಅವನ ಗುಣವೇ ಹಾಗೆ, ದನಿ ಎತ್ತುವುದಿಲ್ಲ.

‘ಅಲ್ಲ ತಂಗಿ, ನಾವೇನ್ ಹೊಡದು ಬಡದು ದುಡಿಸ್ತೀವೇನು? ಮನಿ ಮಕ್ಕಳಂಗ ನೋಡ್ಕೊಂತೀನಿ. ನಿಮ್ಮ ಅತ್ತಿಗೀನ ಅಡಗಿ ಮಾಡಿ ಹಾಕ್ತಾಳ. ನಾ ಬಿಟ್ರ ಬಾಜೂ ಹೊಲದಾವ್ರು ಕರಕೊಂಡ್ ಹೊಕ್ಕಾರ. ಅವ್ರು ಹೆಂಗ ಅನ್ನೋದು ನಿನಗ ಗೊತ್ತೈತಿ.’

ಗೊತ್ತಿತ್ತು. ಅದೇ ಕಷ್ಟ. ಆತ ಕೆಟ್ಟವನಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ‘ಓದಸ್ಬೇಕಂದ್ರ ಊಟದ ಹೊತ್ತಿನ್ಯಾಗ ಬಂದು ಓದಸು, ನಾ ಬ್ಯಾಡ ಅನ್ನಂಗಿಲ್ಲ’ ಅಂದ. ಸರಿ, ಶನಿವಾರ ಶಾಲೆ ಬಿಟ್ಟ ಮೇಲೆ ಕನ್ನಡ ಪಾಠದ ಪುಸ್ತಕ ಹಿಡಿದು ಹೊಲಕ್ಕೆ ಹೋಗತೊಡಗಿದೆ. ಬದುವಿನ ಬೇವಿನ ಮರದ ಕೆಳಗೆ ಆಕೆ ಒಂದು ಕೈಯಲ್ಲಿ ರೊಟ್ಟಿ ಹಿಡಿದು ಓದುತ್ತಿದ್ದಳು. ಮೈಯಿಂದ ಎಣ್ಣೆಯ ವಾಸನೆ, ಅಂದರೆ ಹತ್ತಿಗೆ ಹೊಡೆಯುವ ಔಷಧದ ವಾಸನೆ. ಕಣ್ಣು ಯಾವಾಗಲೂ ಕೆಂಪು. ಎರಡು ಸಲ ನನ್ನ ಮುಂದೆಯೇ ವಾಂತಿ ಮಾಡಿಕೊಂಡಳು, ಬಾಯಿ ಮುಕ್ಕಳಿಸಿ ಬಂದು ಬಿಟ್ಟ ಸಾಲಿನಿಂದ ಮತ್ತೆ ಓದಿದಳು. ನಾನು ವಾರಕ್ಕೊಮ್ಮೆ ಕಲಿಸುತ್ತಿದ್ದೇನಲ್ಲ, ಆ ಹಾಜರಿ ಪೂರಾ ಸುಳ್ಳೇನೂ ಅಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಉಳಿದ ಆರು ಹುಡುಗಿಯರು ಬೇರೆ ಊರುಗಳವರು. ಅವರ ಹೆಸರನ್ನು ನಾನು ಒಮ್ಮೆಯೂ ಕೇಳಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಹೀಗಿರುವಾಗ ಹಾವೇರಿಯಲ್ಲಿ ದುಡಿಮೆಯಿಂದ ಬಿಡಿಸಿ ತಂದ ಮಕ್ಕಳಿಗೆಂದೇ ಒಂದು ವಸತಿ ಶಾಲೆ ತೆರೆದರು. ಊಟ, ಬಟ್ಟೆ, ಪುಸ್ತಕ, ಹತ್ತನೆಯವರೆಗೆ ಓದು. ಹೋಗಿ ವಿಚಾರಿಸಿದೆ. ದುಡಿಯುತ್ತಿರುವ ಮಗು ಎಂದು ಕಾರ್ಮಿಕ ಇಲಾಖೆಯ ಸಾಹೇಬರು ಬಂದು ನೋಡಿ ಬರೆದುಕೊಟ್ಟರೆ ಸಾಕು, ತಾಯಿಯ ಸಹಿಯೊಂದು ಬೇಕು. ಆ ಹುಡುಗಿಗೆ ಇದನ್ನು ಹೇಳಿದಾಗ ಆಕೆ ತಿನ್ನುವುದನ್ನೇ ಬಿಟ್ಟು ಕೂತಳು.

‘ಖರೇನ್ರೀ ಅಕ್ಕೋರ? ಅಲ್ಲಿ ಎಲ್ಲಾರ್ನೂ ತಗೊಂತಾರೇನ್ರೀ?’

‘ಸಾಹೇಬ್ರು ಬಂದು ನೋಡ್ತಾರ. ನೀ ಚಲೋತ್ನಾಗಿ ಓದಕೊಂಡಿರು, ಅಷ್ಟ.’

ಯಾಕೆ ಹಾಗಂದೆ? ಯಾವ ಶಿಕ್ಷಕಿಯ ಬಾಯಲ್ಲೂ ಬರುವ ಮಾತು ಅದು, ಬಂದುಬಿಟ್ಟಿತು. ಅಲ್ಲಿಂದ ಮುಂದೆ ಆಕೆ ಪುಸ್ತಕ ಬಿಡಲಿಲ್ಲ. ಮೊಗ್ಗು ಸುಲಿಯುತ್ತ ಪಾಠದ ಸಾಲುಗಳನ್ನು ಗುಣುಗುಣು ಅನ್ನುತ್ತಿದ್ದಳೆಂದು ಅತ್ತಿಗೆ ಹೇಳಿ ನಕ್ಕಳು.

ತಾಯಿಯ ಸಹಿಗೆ ಬ್ಯಾಡಗಿಗೆ ಹೋದೆ. ದೊಡ್ಡ ಗೋದಾಮು, ಬಾಗಿಲಲ್ಲಿ ನಿಂತರೇ ಕೆಮ್ಮು. ಒಳಗೆ ನೂರಾರು ಹೆಂಗಸರು ಕೆಂಪು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ತಾಯಿ ಹೊರಗೆ ಬಂದಳು. ಮೂವತ್ತು ದಾಟಿರಲಿಕ್ಕಿಲ್ಲ, ಐವತ್ತರ ಮುಖ. ನನ್ನ ಮಾತು ಕೇಳುತ್ತ ಕೇಳುತ್ತ ಅಳತೊಡಗಿದಳು. ಕೈಗೆ ಖಾರ, ಕಣ್ಣು ಒರೆಸಿಕೊಳ್ಳುವ ಹಾಗಿರಲಿಲ್ಲ. ನೀರು ಗಲ್ಲದಿಂದ ಇಳಿಯುತ್ತಲೇ ಇತ್ತು. ನಾನೇ ನನ್ನ ಸೆರಗಿನಿಂದ ಒರೆಸಿದೆ.

‘ಕರ್ಕೊಂಡ್ ಹೋಗ್ರಿ ಯವ್ವಾ, ನಿಮಗ ಪುಣ್ಯ ಬರ್ತೈತಿ. ನನ್ನಂಗ ಆಗೋದ್ ಬ್ಯಾಡ ಅದು. ಆದ್ರ ನಿಮ್ಮ ಅಣ್ಣಾರಿಗೆ ಮಾತ್ ಕೊಟ್ಟೇನಿ. ಅವ್ರು ಹೂಂ ಅಂದ್ರ ಆತ್ರೀ.’

ಹೆಬ್ಬೆಟ್ಟು ಒತ್ತಿದಳು. ಅರ್ಜಿಯ ಮೇಲೆ ಖಾರದ ಗುರುತೂ ಬಿತ್ತು. ಅಣ್ಣ ಮಾತ್ರ ಹೂಂ ಅನ್ನಲಿಲ್ಲ. ‘ಸೀಜನ್ ಮುಗೀಲಿ ತಂಗಿ, ನಾನ ಬಂದು ಸೇರಿಸ್ತೀನಿ’ ಅಂದ. ಸೀಜನ್ ಮುಗಿದರೆ ಸಾಹೇಬರು ಬಂದು ಏನು ನೋಡುತ್ತಾರೆ? ಹೊಲದಲ್ಲಿ ಇರುವಾಗಲೇ ಆಗಬೇಕಾದ ಕೆಲಸ ಅದು. ಅಣ್ಣನಿಗೂ ಅದು ಗೊತ್ತಿತ್ತು.

ಆ ವಾರ ನನ್ನ ಪುಸ್ತಕದ ಶಿಕ್ಷಕಿಯ ಜೊತೆ ನಾನು ಜಗಳವಾಡಿದೆ. ನಗಬೇಡಿ, ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿಜವಾಗಿಯೂ ಆಕೆಯೊಡನೆ ಮಾತಾಡುತ್ತಿದ್ದೆ. ಅಂಗಡಿಯವರು ಆಕೆಗೆ ಸಾಮಾನು ಕೊಡುವುದನ್ನು ನಿಲ್ಲಿಸಿದರು, ಆಕೆ ಮೂರು ಹರದಾರಿ ನಡೆದು ಹಿಟ್ಟು ತಂದಳು. ಆಕೆಯ ಸ್ವಂತ ಪಂಥದವರೇ ಪ್ರಾರ್ಥನೆಯ ಕೋಣೆಯಲ್ಲಿ ಕರಿಯರಿಗೆ ಹಿಂದೆ ಬೇರೆ ಬೆಂಚು ಹಾಕಿದ್ದರು. ಆಕೆ ವಾದ ಮಾಡಲಿಲ್ಲ, ಎದ್ದು ಹೋಗಿ ಆ ಬೆಂಚಿನ ಮೇಲೆ ಕೂತಳು, ಮುಂದೆ ಜೀವಮಾನವಿಡೀ ಅಲ್ಲೇ ಕೂತಳು. ಅಧಿಕಾರಿಗಳು ಬಂದು ಕರಿಯ ಮಕ್ಕಳಿಗೆ ಕಲಿಸುತ್ತೀಯಾ ಎಂದು ಕೇಳಿದಾಗ ಹೌದು, ನಾಳೆಯೂ ಕಲಿಸುತ್ತೇನೆ ಅಂದಳು. ಜೈಲಿಗೆ ಹೋದಳು. ಓದುತ್ತ ನನಗೆ ರೇಗಿ ಹೋಯಿತು. ಮಹಾತಾಯಿ, ನಿನಗೇನು! ಮದುವೆಯಿಲ್ಲ, ಮಕ್ಕಳಿಲ್ಲ, ನಾಗರಪಂಚಮಿಗೆ ಸೀರೆ ತಂದು ಕೊಡುವ ಅಣ್ಣನಿಲ್ಲ. ನಿನಗೆ ನಿಜ ಹೇಳುವುದು ಸಸ್ತಾ ಆಗಿತ್ತು. ನನ್ನ ಜಾಗದಲ್ಲಿ ಕೂತು ನೋಡು.

ಕಡೆಗೆ ನಾನು ಮಾಡಿದ್ದೇನು? ಕಾರ್ಮಿಕ ಇಲಾಖೆಗೆ ಮೂಗರ್ಜಿ ಬರೆದೆ. ಇಂಥ ಊರಿನ ಇಂಥ ಹೊಲದಲ್ಲಿ ಮಕ್ಕಳನ್ನು ದುಡಿಸುತ್ತಿದ್ದಾರೆ, ಅದರಲ್ಲಿ ಇಂಥ ಹೆಸರಿನ ಹುಡುಗಿ ಇದ್ದಾಳೆ, ದಯಮಾಡಿ ಬಿಡಿಸಿರಿ ಎಂದು, ಅಕ್ಷರದ ಗುರುತು ಹತ್ತಬಾರದೆಂದು ಎಡಗೈಯಲ್ಲಿ ಬರೆದೆ. ಮಕ್ಕಳಿಗೆ ಅಕ್ಷರ ದುಂಡಗೆ ಬರೆಯಿರಿ ಎಂದು ಬೆತ್ತ ತೋರಿಸುವ ನಾನು ಕಾಗೆ ಕಾಲಿನ ಅಕ್ಷರದಲ್ಲಿ, ಸಹಿಯಿಲ್ಲದೆ ಬರೆದು, ಹಾವೇರಿಯ ಅಂಚೆ ಡಬ್ಬಿಗೆ ಹಾಕಿ, ಆಚೆ ಈಚೆ ನೋಡಿ ಮನೆಗೆ ಬಂದೆ. ಬರೆದದ್ದು ನಾನೆಂದು ಅಣ್ಣನಿಗೆ ಗೊತ್ತಾಗದೆ ಹುಡುಗಿ ಪಾರಾದರೆ ಸಾಕು ಎಂಬುದು ನನ್ನ ಲೆಕ್ಕಾಚಾರ. ಬೆಂಕಿ ಅಕ್ಕೋರಂತೆ ಬೆಂಕಿ ಅಕ್ಕೋರು!

ಹನ್ನೆರಡನೆಯ ದಿನ ಇಲಾಖೆಯ ಜೀಪು ಬಂತು. ಬುಧವಾರ, ಮಕ್ಕಳ ಊಟ ಮುಗಿದಿತ್ತು. ಜೀಪು ಮೊದಲು ಹೊಲಕ್ಕೇ ಹೋಗಿತ್ತು. ದೂಳೆದ್ದದ್ದನ್ನು ಕಂಡ ಕೂಡಲೇ ಹೊಲದ ಆಳು ಆರು ಹುಡುಗಿಯರನ್ನು ಹೊಳೆಯ ಕಡೆ ಓಡಿಸಿದ್ದ. ಈಕೆ ಓಡಲಿಲ್ಲವಂತೆ. ಸಾಹೇಬರು ಬರುತ್ತಾರೆಂದು ನಾನು ಹೇಳಿದ್ದೆನಲ್ಲ, ಕೈ ತೊಳೆದುಕೊಂಡು ಬದುವಿನ ಮೇಲೆ ನಿಂತು ಕಾಯ್ದಳಂತೆ. ಅಣ್ಣ ಗಾಬರಿಯಾಗಲಿಲ್ಲ. ಈ ಹುಡುಗಿ ಶಾಲೆಗೆ ಹೋಗುತ್ತಾಳೆ, ಊಟದ ಹೊತ್ತಿಗೆ ಹೂವು ಹರಿಯಲು ಬಂದಿದ್ದಾಳೆ, ಬೇಕಾದರೆ ಹಾಜರಿ ಪುಸ್ತಕ ನೋಡಿ ಅಂದ. ಸಾಹೇಬರು ಹುಡುಗಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಂದರು. ಅಣ್ಣ ಮೋಟರ್‌ಸೈಕಲ್ಲಿನಲ್ಲಿ ಹಿಂದೆ ಬಂದ.

ಸಾಹೇಬರು ವಯಸ್ಸಾದವರು, ಸೌಮ್ಯ ಮುಖ. ಹೆಡ್‌ಮಾಸ್ತರರು ಹಾಜರಿ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಜೂನಿನಿಂದ ಅಂದಿನವರೆಗೆ ಆ ಹೆಸರಿನ ಮುಂದೆ ಒಂದೂ ಗೈರಿಲ್ಲ. ಅಂದು ಬೆಳಿಗ್ಗೆ ನಾನೇ ಹಾಕಿದ ಗೀಟಿನ ಶಾಯಿ ಕಣ್ಣಿಗೆ ಹೊಡೆಯುತ್ತಿತ್ತು.

‘ಮೇಡಂ, ಸಹಿ ನಿಮ್ದಾ?’

‘ಹೌದ್ರಿ.’

‘ಈ ಹುಡುಗಿ ದಿನಾ ಬರ್ತಾಳಾ?’

ಹೆಡ್‌ಮಾಸ್ತರರು ನನ್ನನ್ನು ನೋಡಿದರು. ಅಣ್ಣ ಬಾಗಿಲ ಬಳಿ ನಿಂತಿದ್ದ, ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದ. ಹುಡುಗಿ ಮೇಜಿನ ಪಕ್ಕ, ಹೆಬ್ಬೆರಳಿನ ಉದ್ದನೆಯ ಉಗುರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ನಿಂತಿದ್ದಳು. ಇಲ್ಲ, ಇದೆಲ್ಲ ಸುಳ್ಳು, ಆಗಸ್ಟಿನಿಂದ ಆಕೆ ಈ ಕೋಣೆಗೆ ಕಾಲಿಟ್ಟಿಲ್ಲ ಎಂದರೆ ಮುಗಿಯುತ್ತಿತ್ತು. ನನ್ನ ನೌಕರಿ ಹೋಗುತ್ತಿತ್ತು, ಅಣ್ಣನ ಮೇಲೆ ಕೇಸಾಗುತ್ತಿತ್ತು, ಹುಡುಗಿ ಹಾವೇರಿಗೆ ಹೋಗುತ್ತಿದ್ದಳು. ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಗೋಡೆಗೆ ಆತು ನಿಂತೆ.

ಸಾಹೇಬರು ಹುಡುಗಿಯ ಕಡೆ ತಿರುಗಿದರು. ‘ನೀನ ಹೇಳವಾ. ದಿನಾ ಸಾಲಿಗೆ ಬರ್ತೀಯೇನು?’

‘ಹೌದ್ರೀ, ದಿನಾ ಬರ್ತೀನ್ರೀ’ ಅಂದಳು. ನಾನು ಕಲಿಸಿದ ಹಾಗೆ, ನಾನು ಕಲಿಸಿದ ದನಿಯಲ್ಲಿ.

ಆದರೂ ಅವರಿಗೆ ಸಂಶಯ ಹೋಗಿರಲಿಲ್ಲ. ಏಳನೆಯ ಇಯತ್ತೆಯ ಕನ್ನಡ ಪುಸ್ತಕ ತರಿಸಿ, ನಡುವಿನ ಒಂದು ಪುಟ ತೆರೆದು ಆಕೆಯ ಕೈಗೆ ಕೊಟ್ಟರು. ಸಮುದ್ರದ ನೀರು ಮೋಡವಾಗಿ ಮಳೆಯಾಗುವ ಪಾಠ. ಆಕೆ ಲಂಗಕ್ಕೆ ಎರಡೂ ಕೈ ಒರೆಸಿಕೊಂಡು ಪುಸ್ತಕ ಹಿಡಿದಳು. ಒಂದು ಸಲ ನನ್ನ ಮುಖ ನೋಡಿದಳು, ಕಣ್ಣಲ್ಲಿ ಎಂಥ ಉಮೇದು! ಆಮೇಲೆ ಓದಿದಳು. ಗಟ್ಟಿಯಾಗಿ, ಬಿಟ್ಟಲ್ಲಿ ಬಿಟ್ಟು, ಹಿಡಿದಲ್ಲಿ ಹಿಡಿದು. ನನ್ನ ಎಷ್ಟೋ ವರ್ಷಗಳ ಮಾಸ್ತರಿಕೆಯಲ್ಲಿ ಯಾವ ಮಗುವೂ ಹಾಗೆ ಓದಿಲ್ಲ. ಬಾಷ್ಪೀಭವನ ಅನ್ನುವ ಶಬ್ದದ ಹತ್ತಿರ ಒಂದು ಚಣ ನಿಂತು, ಉಗುಳು ನುಂಗಿ, ಸರಿಯಾಗಿ ಅಂದು ಮುಂದೆ ಹೋದಳು.

ಆಕೆ ಓದುವಾಗ ನನಗೆ ಹೆಮ್ಮೆಯಾಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ. ಗಂಡನಿಗೂ ಹೇಳಿಲ್ಲ. ಒಂದೊಂದು ಸಾಲಿಗೂ ಆಕೆಯ ಬಾಗಿಲು ಮುಚ್ಚುತ್ತಿದೆಯೆಂದು ನನಗೆ ತಿಳಿಯುತ್ತಿತ್ತು, ಆದರೂ ಎದೆ ಉಬ್ಬಿತ್ತು. ಎಂಥ ಹೆಂಗಸು ನಾನು!

‘ಶಾಭಾಸ್!’ ಎಂದರು ಸಾಹೇಬರು. ತಮ್ಮ ಗುಮಾಸ್ತನಿಗೆ ಹೇಳಿದರು, ‘ಇಷ್ಟ ಚಂದ ಓದೋ ಹುಡುಗಿ ಸಾಲಿ ಬಿಟ್ಟಾಕಿ ಹೆಂಗಾಗ್ತಾಳ್ರೀ? ಯಾರೋ ಹೊಟ್ಟಿಕಿಚ್ಚಿಗೆ ಮೂಗರ್ಜಿ ಹಾಕ್ಯಾರ. ಬರೀರಿ, ಶಾಲೆಗೆ ಹೋಗುವ ಮಗು.’ ಹುಡುಗಿಯ ಬೆನ್ನು ತಟ್ಟಿ, ಇನ್ನೂ ಚೆನ್ನಾಗಿ ಓದು ಅಂದು, ಚಹಾ ಕುಡಿದು ಹೋದರು. ಜೀಪು ಹೊರಟಾಗ ಹುಡುಗಿ ಅದರ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತಳು. ಅಣ್ಣ ಮೋಟರ್‌ಸೈಕಲ್ಲು ಚಾಲೂ ಮಾಡಿ, ‘ಬಾರವಾ, ಗಾಡಿ ಹತ್ತು. ಮೂರು ಸಾಲು ಹಂಗ ಉಳದಾವ’ ಅಂದ. ನನ್ನ ಹತ್ತಿರ ಬಂದು ಮೆಲ್ಲಗೆ, ‘ಮಾನ ಉಳಿಸಿದಿ ತಂಗಿ’ ಅಂದ. ಕಣ್ಣಲ್ಲಿ ನೀರಿತ್ತು ಅವನಿಗೆ. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಗುರುವಾರ ರಜೆ ಹಾಕಿದೆ. ಮನೆಯಲ್ಲಿ ಕೂತು, ಬಲಗೈಯಲ್ಲೇ, ಎಲ್ಲ ಬರೆದೆ. ಹಾಜರಿ ನಾನೇ ಸುಳ್ಳು ಹಾಕಿದ್ದು, ಮೂಗರ್ಜಿ ನನ್ನದೇ, ಹೊಲ ನನ್ನ ಅಣ್ಣನದೇ. ಕೆಳಗೆ ಸಹಿ. ಶುಕ್ರವಾರ ಹಾವೇರಿಯ ಕಚೇರಿಗೆ ಹೋಗಿ ಸಾಹೇಬರ ಕೈಗೇ ಕೊಟ್ಟೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಮೇಡಂ, ಇದನ್ನ ನಾ ತಗೊಂಡ್ರ ಮೊದಲು ನಿಮ್ಮ ಸಸ್ಪೆಂಡು. ಆಮ್ಯಾಲೆ ನಿಮ್ಮ ಅಣ್ಣಾರ ಕೇಸು. ಇಷ್ಟ ಆದ್ರೂ ಹುಡುಗಿಗೆ ಏನ್ ಸಿಗ್ತೈತಿ? ಆಕೀನ ಬಾಯಿ ಬಿಟ್ಟು ದಿನಾ ಬರ್ತೀನಿ ಅಂದಾಳ. ಓದಿದ್ದನ್ನ ನಾನ ಕಿವಿಯಾರೆ ಕೇಳೀನಿ. ವರದಿ ಮ್ಯಾಲೆ ಹೋಗೇತಿ. ದುಡಿಯೋ ಮಗು ಅಲ್ಲ ಅಂದಮ್ಯಾಲೆ ವಸತಿ ಶಾಲ್ಯಾಗ ತಗೊಳ್ಳೋದಿಲ್ಲ. ಬುಧವಾರ ನಾ ಕೇಳಿದೆ, ನೀವ್ ಸುಮ್ಮನ ನಿಂತ್ರಿ.’

ಕಾಗದವನ್ನು ನನ್ನ ಕಡೆಗೆ ಸರಿಸಿದರು. ಅಲ್ಲಿಯೇ ಬಿಟ್ಟು ಎದ್ದು ಬರಬಹುದಿತ್ತು. ತಗೊಳ್ಳಲೇಬೇಕು ಎಂದು ಮೇಜು ಗುದ್ದಬಹುದಿತ್ತು, ಅದಕ್ಕೆ ಹೆಸರಾದವಳೇ ನಾನು. ನಾನು ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಬೇಗ ಬೇಗ ಮೆಟ್ಟಿಲು ಇಳಿದೆ, ಬದುಕಿದೆ ಅನ್ನುವ ಅವಸರ ಅದು. ಅದೂ ನನಗೆ ಗೊತ್ತಾಯಿತು.

ಶನಿವಾರ ಶಾಲೆ ಬಿಟ್ಟ ಮೇಲೆ ಹೊಲಕ್ಕೆ ಹೋದೆ. ಹೋಗದಿರಲು ಆಗಲಿಲ್ಲ. ಹುಡುಗಿಯರು ಬೇವಿನ ಕೆಳಗೆ ಊಟಕ್ಕೆ ಕೂತಿದ್ದರು. ನನ್ನನ್ನು ಕಂಡು ಆಕೆ ಎದ್ದು ಓಡಿ ಬಂದಳು. ಸಿಟ್ಟಾಗಿರುತ್ತಾಳೆ, ಏನಾದರೂ ಅನ್ನುತ್ತಾಳೆ, ಅನ್ನಲಿ, ನನ್ನ ಮುಖಕ್ಕೆ ಉಗುಳಲಿ ಎಂದು ಸಿದ್ಧವಾಗಿ ಹೋಗಿದ್ದೆ.

‘ಅಕ್ಕೋರ, ನಾ ಎಲ್ಲಿ ತಪ್ಪಿದ್ನಿರಿ?’

ನನಗೆ ತಿಳಿಯಲಿಲ್ಲ. ‘ಏನ್ ತಪ್ಪಿದಿ?’

‘ಓದೂದ್ರಾಗರೀ. ಸಾಹೇಬ್ರು ತಗೊಳ್ಳಿಲ್ಲಲ್ರೀ ನನ್ನ. ಆ ಬಾಷ್ಪೀಭವನ ಅನ್ನೂದ್ರಾಗ ನಿಂತ್ನೆಲ್ರೀ, ಅದಕ್ಕ ಫೇಲ್ ಮಾಡಿದ್ರಲ್ರೀ?’ ಆಕೆಯ ಮುಖದಲ್ಲಿ ನನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. ತನ್ನ ಮೇಲೆ ಇತ್ತು. ‘ಅದೊಂದ ಕಡೆ ನಿಂತ್ನಿರಿ. ಇನ್ನೊಮ್ಮಿ ಅವ್ರು ಬಂದಾಗ ಎಲ್ಲೂ ನಿಂದ್ರೂದಿಲ್ರೀ. ಆಗ ತಗೊಂತಾರಲ್ರೀ?’

ಚೆನ್ನಾಗಿ ಓದಿದ್ದಕ್ಕೇ ನಿನ್ನನ್ನು ಬಿಟ್ಟು ಹೋದರು ಮಗಳೇ, ತಡವರಿಸಿದ್ದರೆ ಇಷ್ಟು ಹೊತ್ತಿಗೆ ಹಾವೇರಿಯಲ್ಲಿರುತ್ತಿದ್ದೆ. ಹನ್ನೆರಡು ವರ್ಷದ ಮಗುವಿಗೆ ಅದನ್ನು ಯಾವ ಬಾಯಿಂದ ಹೇಳಲಿ?

‘ಹೂಂನವಾ’ ಅಂದೆ. ‘ತಗೊಂತಾರ.’

ಆಕೆ ಕೈ ಒರೆಸಿಕೊಂಡು ನನ್ನ ಬ್ಯಾಗಿನಿಂದ ಪುಸ್ತಕ ತೆಗೆದುಕೊಂಡಳು. ಅದೇ ಪುಟ ಹುಡುಕಿ, ನೆಟ್ಟಗೆ ನಿಂತು, ಮೊದಲಿನಿಂದ ಓದತೊಡಗಿದಳು. ನಾನು ಬದುವಿನ ಮೇಲೆ ಕೂತು ಕೇಳಿದೆ. ಪಾಠ ಮುಗಿಯುವ ತನಕ ಆಕೆ ಒಂದು ಕಡೆಯೂ ನಿಲ್ಲಲಿಲ್ಲ.